ಚುಕ್ಕಿಯೋ ಗೆರೆಯೋ

ಇರುಳಿನಲ್ಲಿ ಕ್ಯಾಮೆರಾವನ್ನು ಅಲುಗದಂತೆ ನಿಲ್ಲಿಸಿ, ಅದರ ಷಟರನ್ನು ಒಂದು ನಿಮಿಷ ತೆರೆದಿಟ್ಟರೆ ನಕ್ಷತ್ರಗಳು ಚುಕ್ಕಿಗಳಾಗಿ ಮೂಡುವುದಿಲ್ಲ. ಸಣ್ಣ ಗೆರೆಗಳಾಗಿ ಮೂಡುತ್ತವೆ. ಅನೇಕರು ಇದಕ್ಕಾಗಿ ಕ್ಯಾಮೆರಾವನ್ನು ದೂರುತ್ತಾರೆ. ಅದು ನ್ಯಾಯವಲ್ಲ. ಕ್ಯಾಮೆರಾ ನಿಂತಲ್ಲೇ ನಿಂತಿದೆ. ಅದನ್ನು ಹೊತ್ತ ಭೂಮಿ ನಿಂತಿಲ್ಲ. ದೋಣಿಯಲ್ಲಿ ಮುಂದೆ ಸಾಗುವವನಿಗೆ ದಡವು ಹಿಂದಕ್ಕೆ ಸರಿದಂತೆ ತೋರುವ ಹೋಲಿಕೆಯಿಂದ ಆರ್ಯಭಟನು ಸಾವಿರದ ಐನೂರು ವರ್ಷಗಳ ಹಿಂದೆಯೇ ಇದನ್ನು ವಿವರಿಸಿದ್ದನು.

ಭೂಮಿಯು ಗಂಟೆಗೆ ಸುಮಾರು 15 ಡಿಗ್ರಿ ತಿರುಗುತ್ತದೆ. ಆದರೆ ಎಲ್ಲ ಗೆರೆಗಳೂ ಒಂದೇ ಉದ್ದವಾಗಿರುವುದಿಲ್ಲ. ಬೆಂಗಳೂರಿನಿಂದ ನೋಡಿದರೆ ಉತ್ತರ ದಿಗಂತಕ್ಕೆ ಕೇವಲ 13 ಡಿಗ್ರಿ ಮೇಲಿರುವ ಧ್ರುವನಕ್ಷತ್ರ ಬಹುಮಟ್ಟಿಗೆ ಕದಲುವುದಿಲ್ಲ. ಮಹಾವ್ಯಾಧನ ನಡುಪಟ್ಟಿಯ ಮೂರು ನಕ್ಷತ್ರಗಳೋ ಉದ್ದವಾದ ಗೆರೆ ಎಳೆಯುತ್ತವೆ.

ಗೆರೆಯನ್ನು ತಪ್ಪಿಸಲು ಛಾಯಾಗ್ರಾಹಕರಲ್ಲಿ ಒಂದು ಸ್ಥೂಲ ಲೆಕ್ಕವಿದೆ. 35 ಮಿಲಿಮೀಟರ್ ಫಿಲ್ಮಿನ ಅಳತೆಯ ಕ್ಯಾಮೆರಾ ಆದರೆ, 500ನ್ನು ಮಸೂರದ ನಾಭಿದೂರದಿಂದ ಭಾಗಿಸಬೇಕು. ನಾಭಿದೂರ 50 ಮಿಲಿಮೀಟರ್ ಆದರೆ 10 ಸೆಕೆಂಡು, 25 ಆದರೆ 20 ಸೆಕೆಂಡು. ಅದಕ್ಕಿಂತ ಹೆಚ್ಚು ಹೊತ್ತು ಷಟರನ್ನು ತೆರೆದಿಡಬಾರದು. ಇಂದಿನ ಸೂಕ್ಷ್ಮ ಕ್ಯಾಮೆರಾಗಳಿಗೆ ಇದೂ ತುಸು ಧಾರಾಳವೇ.

ಇಷ್ಟು ಅಲ್ಪಕಾಲದಲ್ಲಿ ಮಂದ ನಕ್ಷತ್ರಗಳು ಮೂಡುವುದೆಂತು ಎಂದು ಯಾರಾದರೂ ಕೇಳಬಹುದು. ಭೂಮಿಯ ತಿರುಗುವಿಕೆಗೆ ಎದುರಾಗಿ, ಅದೇ ವೇಗದಲ್ಲಿ ಕ್ಯಾಮೆರಾವನ್ನು ತಿರುಗಿಸುವ ಯಂತ್ರಗಳಿವೆ. ಬೆಂಗಳೂರಿನ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯು ತಮಿಳುನಾಡಿನ ಕಾವಲೂರಿನಲ್ಲಿ ಸ್ಥಾಪಿಸಿರುವ 2.34 ಮೀಟರ್ ವ್ಯಾಸದ ದೂರದರ್ಶಕವೂ ಹೀಗೆಯೇ ನಕ್ಷತ್ರವನ್ನು ಹಿಂಬಾಲಿಸುತ್ತದೆ. ವಿದ್ಯಾರ್ಥಿಗೆ ಅಂತಹ ಯಂತ್ರ ಬೇಕಿಲ್ಲ. ಹತ್ತಾರು ಚಿಕ್ಕ ಅವಧಿಯ ಚಿತ್ರಗಳನ್ನು ತೆಗೆದು, ನಕ್ಷತ್ರದ ಮೇಲೆ ನಕ್ಷತ್ರ ಕೂರುವಂತೆ ಗಣಕಯಂತ್ರದಲ್ಲಿ ಜೋಡಿಸಿದರೆ ಸಾಕು. ಯಲಹಂಕ, ಹೆಬ್ಬಾಳಗಳಲ್ಲಂತೂ ಇದೇ ಲೇಸು. ಅಲ್ಲಿ ಷಟರನ್ನು ಬಹಳ ಹೊತ್ತು ತೆರೆದಿಟ್ಟರೆ ಬೀದಿದೀಪಗಳ ಬೆಳಕೇ ಚಿತ್ರವನ್ನು ನುಂಗುತ್ತದೆ. 2008ರಲ್ಲಿ ದೇವನಹಳ್ಳಿಯ ಬಳಿ ವಿಮಾನನಿಲ್ದಾಣ ಆರಂಭವಾದ ಬಳಿಕ ವಿಮಾನಗಳೂ ತಮ್ಮ ಪಾಲಿನ ಗೆರೆಗಳನ್ನು ಎಳೆಯುತ್ತಿವೆ!

ಈಗ ಕೆಲವು ಮೊಬೈಲ್ ಫೋನುಗಳು ಈ ಜೋಡಣೆಯನ್ನು ತಾವೇ ಮಾಡಿಕೊಡುತ್ತವೆ. ಸೌಕರ್ಯವೇನೋ ಒಳ್ಳೆಯದು, ಆದರೆ ಗೆರೆಯೊಡನೆ ಗೆರೆಯ ಕಾರಣವನ್ನೂ ಅವು ಮರೆಮಾಡುತ್ತವೆ. ಆದುದರಿಂದ ಗೆರೆಯನ್ನು ತಪ್ಪಿಸಲು ಕಲಿಯುವ ಮೊದಲು ವಿದ್ಯಾರ್ಥಿಯು ಒಮ್ಮೆ ಬೇಕೆಂದೇ ಗೆರೆಯನ್ನು ಮೂಡಿಸಬೇಕು ಎಂಬುದು ನನ್ನ ಮತ. ದೀಪಗಳು ವಿರಳವಾದ ಯಾವುದಾದರೂ ಹಳ್ಳಿಗೆ ಹೋದಾಗ ಧ್ರುವನಕ್ಷತ್ರದತ್ತ ಕ್ಯಾಮೆರಾವನ್ನು ನಿಲ್ಲಿಸಿ, ಒಂದು ಗಂಟೆಯ ಕಾಲ ಬಿಡುವಿಲ್ಲದೆ ಚಿತ್ರಗಳನ್ನು ತೆಗೆದು, ಈ ಬಾರಿ ಅವುಗಳನ್ನು ಸರಿಸದೆ ಇದ್ದಂತೆಯೇ ಒಂದರ ಮೇಲೊಂದು ಕೂಡಿಸಲಿ. ಮೂಡಿದ ಕಮಾನುಗಳಲ್ಲಿ ಒಂದರ ಎರಡು ತುದಿಗಳಿಂದ ಧ್ರುವದವರೆಗೆ ರೇಖೆಗಳನ್ನು ಎಳೆದು, ಕಂಪಾಸ್ ಪೆಟ್ಟಿಗೆಯ ಕೋನಮಾಪಕದಿಂದ ಅಳೆಯಲಿ. ಹೆಚ್ಚುಕಡಿಮೆ 15 ಡಿಗ್ರಿ ಬರುತ್ತದೆ.