ಹೆಸರು ಬಿಡುವುದು ಬೇರೆ, ಹೆಸರು ಅಳಿಸುವುದು ಬೇರೆ



ಇಟ್ಟಂಗಿಹಾಳ ಎಂದು ಊರ ಹೆಸರು ಹೇಳುವಾಗಲೇ ಇಟ್ಟಂಗಿಯ ನೆನಪಾಗುತ್ತದೆ. ಗುಡಿ ಎದ್ದು ನಿಂತ ಮೇಲೆ ಜನರು ಕಳಸಕ್ಕೆ ಕೈ ಮುಗಿಯುತ್ತಾರೆ. ಪಾಯದೊಳಗಿನ ಇಟ್ಟಂಗಿಯನ್ನು ಯಾರೂ ಕೇಳುವುದಿಲ್ಲ. ಇಟ್ಟಂಗಿಗೆ ಅದರ ನೋವಿಲ್ಲ. ಆದರೆ ಅದನ್ನು ಹೊತ್ತವನಿಗೆ ಮನಸ್ಸೆಂಬುದು ಇದೆಯಲ್ಲವೆ?

ಸಾವಿರ ರೂಪಾಯಿ ಪಟ್ಟಿ ಕೊಟ್ಟವರ ಹೆಸರು ಕಲ್ಲಿನಲ್ಲಿ ಮೂಡುತ್ತದೆ. ಗೋಡೆ ಕಟ್ಟಿದ ಗೌಂಡಿ, ನೀರು ಹೊತ್ತ ಹುಡುಗರು, ಜಾತ್ರೆಯ ದಾಸೋಹಕ್ಕೆ ರಾತ್ರಿಯಿಡೀ ರೊಟ್ಟಿ ಬಡಿದ ತಾಯಂದಿರು ಆ ಕಲ್ಲಿನಲ್ಲಿ ಇರುವುದಿಲ್ಲ. ಕಿರಿಯರು ದುಡಿದ ಕೆಲಸವನ್ನು ಹಿರಿಯರು 'ನಾನು ಮಾಡಿಸಿದೆ' ಎನ್ನುವುದುಂಟು. ತನ್ನದಲ್ಲದ ಹೊಗಳಿಕೆ ಬಂದಾಗ ಸುಮ್ಮನೆ ಕುಳಿತುಬಿಡುವವರೂ ಉಂಟು. ಬಾಯಿ ಬಿಡದಿದ್ದರೂ ಅದು ಪರರ ಗಳಿಕೆಯನ್ನು ತೆಗೆದುಕೊಂಡಂತೆಯೇ ಸರಿ.

ಶರಣರ ದಾರಿ ಬೇರೆ. ಬಸವಣ್ಣನವರು ಕೂಡಲಸಂಗಮದೇವ ಎಂದರು, ಅಕ್ಕಮಹಾದೇವಿ ಚೆನ್ನಮಲ್ಲಿಕಾರ್ಜುನ ಎಂದರು. ತಮ್ಮ ಹೆಸರಿಡುವ ಜಾಗದಲ್ಲಿ ಇಷ್ಟದೈವದ ಹೆಸರಿಟ್ಟರು. ಅವರು ತಮ್ಮನ್ನು ಮರೆತರೆಂದು ನಾವೂ ಅವರನ್ನು ಮರೆಯಬಹುದೆ? ಅಟ್ಟದ ಮೇಲೆ, ಜಗಲಿಯ ಮೇಲೆ ಓಲೆಗರಿಗಳು ಹುಳ ಹಿಡಿಯುತ್ತಿದ್ದ ಕಾಲದಲ್ಲಿ ವಿಜಯಪುರದ ವಕೀಲರಾದ ಫ.ಗು. ಹಳಕಟ್ಟಿಯವರು ಊರೂರು ತಿರುಗಿ ಅವನ್ನು ಕೂಡಿಸಿದರು. 1923ರಲ್ಲಿ 'ವಚನಶಾಸ್ತ್ರಸಾರ' ಹೊರಬಂದಿತು. 1926ರಲ್ಲಿ 'ಶಿವಾನುಭವ' ಪತ್ರಿಕೆ ಆರಂಭವಾಯಿತು. ಮುದ್ರಣದ ಈ ಕಾಯಕಕ್ಕಾಗಿ ಅವರು ಸ್ವಂತ ಮನೆಯನ್ನೂ ಮಾರಿದರು. ಆಯ್ದಕ್ಕಿ ಲಕ್ಕಮ್ಮ, ನುಲಿಯ ಚಂದಯ್ಯನವರಂಥ ಶ್ರಮಜೀವಿಗಳ ನುಡಿ ಇಂದು ಮನೆಮನೆಯಲ್ಲಿ ಕೇಳುವುದರಲ್ಲಿ ಅವರ ಪಾಲು ಹಿರಿದು. ಪರರ ಹೆಸರನ್ನು ಉಳಿಸಲು ದುಡಿದವರನ್ನು ನಾಡು 'ವಚನ ಪಿತಾಮಹ' ಎಂದು ಕರೆಯಿತು.

ಇದೇ ಸೀಮೆಯ ಬಿಜ್ಜರಗಿಯಲ್ಲಿ ಹುಟ್ಟಿದ ಜ್ಞಾನಯೋಗಾಶ್ರಮದ ಪೂಜ್ಯ ಸಿದ್ಧೇಶ್ವರ ಸ್ವಾಮಿಗಳು 2018ರಲ್ಲಿ ಪದ್ಮಶ್ರೀ ಪ್ರಶಸ್ತಿಯನ್ನು ವಿನಯದಿಂದಲೇ ಬೇಡವೆಂದರು. ತಮಗೆ ಸ್ಮಾರಕವನ್ನೂ ಕಟ್ಟಬಾರದೆಂದು ಬರೆದಿಟ್ಟು, 2023ರ ಜನವರಿ 2ರಂದು ಲಿಂಗೈಕ್ಯರಾದರು.

ಒಬ್ಬರು ಪರರ ಹೆಸರನ್ನು ಉಳಿಸಿದರು, ಇನ್ನೊಬ್ಬರು ತಮ್ಮ ಹೆಸರನ್ನು ಬಿಟ್ಟರು. ಎರಡೂ ಒಂದೇ ಧರ್ಮ. ನಾವು ಮಾತ್ರ ಇದನ್ನು ತಿರುವು ಮಾಡಿಕೊಂಡಿದ್ದೇವೆ. ನಮ್ಮ ಹೆಸರಿಗೆ ಕಲ್ಲು ಬೇಕು. ದುಡಿದವನು ಕೇಳಿದರೆ 'ಸೇವೆಗೆ ಹೆಸರೇಕೆ?' ಎಂದು ಉಪದೇಶ ಮಾಡುತ್ತೇವೆ. ತ್ಯಾಗವನ್ನು ತಾನು ಮಾಡಬೇಕೇ ಹೊರತು ಇನ್ನೊಬ್ಬನಿಂದ ಮಾಡಿಸುವುದಲ್ಲ. ತನ್ನ ಹೆಸರು ಬಿಟ್ಟರೆ ಅದು ವೈರಾಗ್ಯ, ಪರರ ಹೆಸರು ಅಳಿಸಿದರೆ ಅದು ಕಳವು.

ಊರ ಹಿರಿಯರಲ್ಲಿ ನಮ್ಮದೊಂದು ಬಿನ್ನಹ. ಬರುವ ಜಾತ್ರೆಯಲ್ಲಿ ದೇಣಿಗೆಯವರ ಯಾದಿ ಓದುವ ಮೊದಲು ದುಡಿದವರ ಯಾದಿ ಓದಿರಿ. ರೊಟ್ಟಿ ಬಡಿದ ತಾಯಿಯ ಹೆಸರನ್ನು ನಾಲ್ಕು ಜನರ ಮುಂದೆ ಹೇಳಿರಿ. ಅದಕ್ಕೆ ಖರ್ಚೇನೂ ಇಲ್ಲ. ಮಾಡಿದ್ದನ್ನು ಯಾರೂ ಗುರುತಿಸದಿದ್ದರೆ ಮರುವರ್ಷ ಆ ಕೈಗಳು ದಾಸೋಹದ ಒಲೆಯ ಮುಂದೆ ಬರಲಾರವು. ಆಗ ಕಲ್ಲಿನ ಮೇಲೆ ಹೆಸರುಗಳು ಉಳಿದಾವು, ಪಂಕ್ತಿಗೆ ಬಡಿಸಲು ರೊಟ್ಟಿ ಇರಲಿಕ್ಕಿಲ್ಲ.