‘ಅಸಂಘಟಿತ’ ಎಂದು ಕರೆಯುವ ಮುನ್ನ

ಅಮೆರಿಕದ ಅಲಾಸ್ಕಾ ರಾಜ್ಯದ ಅರ್ಧದಷ್ಟು ನೆಲಕ್ಕೆ ಕಾನೂನು ಇಟ್ಟಿರುವ ಹೆಸರು ‘ಅನ್‌ಆರ್ಗನೈಸ್ಡ್ ಬರೋ’. ಕನ್ನಡದಲ್ಲಿ ಹೇಳುವುದಾದರೆ ಅಸಂಘಟಿತ ಜಿಲ್ಲೆ. ವಿಸ್ತೀರ್ಣದಲ್ಲಿ ಇದು ಕರ್ನಾಟಕದ ನಾಲ್ಕು ಪಟ್ಟಿಗೂ ಹೆಚ್ಚು. 2020ರ ಜನಗಣತಿಯಂತೆ ಅಲ್ಲಿರುವವರು ಸುಮಾರು 77 ಸಾವಿರ ಮಂದಿ. ಹಲವು ಹಳ್ಳಿಗಳಿಗೆ ತಮ್ಮದೇ ಪುಟ್ಟ ಪುರಸಭೆಗಳಿವೆ. ಆದರೆ ಶಾಲೆ, ತೆರಿಗೆ, ಭೂಬಳಕೆಗಳನ್ನು ನೋಡಿಕೊಳ್ಳುವ, ನಮ್ಮ ಜಿಲ್ಲಾ ಪಂಚಾಯಿತಿಗೆ ಹೋಲಿಸಬಹುದಾದ ‘ಬರೋ’ ಸರ್ಕಾರ ಮಾತ್ರ ಇಲ್ಲ.

ಸ್ಥಳೀಯ ಆಡಳಿತ ನನ್ನ ಪಿಎಚ್.ಡಿ. ವಿಷಯ. ಈ ಜಿಲ್ಲೆಯ ಮಾತೆತ್ತಿದಾಗಲೆಲ್ಲ ನನ್ನ ಸಹಸಂಶೋಧಕರಿಂದ ಎರಡು ಬಗೆಯ ಉತ್ತರ ಬರುತ್ತದೆ. ಒಂದು: ‘ಅಷ್ಟು ಕಡಿಮೆ ಜನಕ್ಕೆ ಸರ್ಕಾರ ಯಾಕೆ ಬೇಕು?’ ಇನ್ನೊಂದು, ಹೆಚ್ಚಾಗಿ ಸಾಹಿತ್ಯ ವಿಭಾಗದ ಗೆಳೆಯರದು: ‘ಸರ್ಕಾರವೇ ಇಲ್ಲದ ನಾಡು, ಎಷ್ಟು ಚೆಂದ!’ ನನ್ನ ಪ್ರಕಾರ ಎರಡೂ ತಪ್ಪು. ಜನ ವಿರಳವಾಗಿರುವ ಜಾಗವನ್ನು ಖಾಲಿ ಜಾಗ ಎಂದು ಓದುವ ಅಭ್ಯಾಸದಿಂದಲೇ ಎರಡೂ ಹುಟ್ಟಿವೆ.

ಮೊದಲು ಚೆಂದದ ಮಾತು. ಅಲ್ಲಿ ಸರ್ಕಾರ ಇಲ್ಲದೆ ಇಲ್ಲ, ದೂರದಲ್ಲಿದೆ ಅಷ್ಟೆ. ಸಂಘಟಿತ ಬರೋದಲ್ಲಿ ಅಲ್ಲಿನ ಚುನಾಯಿತ ಸಭೆ ನಡೆಸಬಹುದಾದ ಯಾವ ಅಧಿಕಾರವನ್ನಾದರೂ ಅಸಂಘಟಿತ ಬರೋದಲ್ಲಿ ರಾಜ್ಯದ ಶಾಸನಸಭೆ ನಡೆಸಬಹುದು ಎಂದು ಅಲಾಸ್ಕಾದ ಸಂವಿಧಾನದ ಹತ್ತನೆಯ ವಿಧಿ ಹೇಳುತ್ತದೆ. ಅಂದರೆ ಯೂಕಾನ್ ನದಿಯ ಮುಖಜಭೂಮಿಯ ಹಳ್ಳಿಗಳಿಗೂ ‘ಜಿಲ್ಲಾ ಪಂಚಾಯಿತಿ’ ಕೂರುವುದು ಜೂನೋ ಎಂಬ ರಾಜಧಾನಿಯಲ್ಲಿ. ಅಧಿಕಾರ ಅವರ ಕೈಯಲ್ಲಿದ್ದ ಮೇಲೆ ಹೊಣೆಯೂ ಅವರದೇ ಆಗಬೇಕಲ್ಲ?

ಆ ಹೊಣೆ ಹೇಗೆ ನಿಭಾವಣೆಯಾಯಿತು ಎನ್ನುವುದಕ್ಕೆ ಶಾಲೆಗಳೇ ಸಾಕ್ಷಿ. 1970ರ ದಶಕದ ಆರಂಭದಲ್ಲಿ ಇಲ್ಲಿನ ಬಹುತೇಕ ಮೂಲನಿವಾಸಿ ಹಳ್ಳಿಗಳಲ್ಲಿ ಪ್ರೌಢಶಾಲೆ ಇರಲಿಲ್ಲ. ಮಕ್ಕಳು ಮನೆ ಬಿಟ್ಟು ದೂರದ ವಸತಿಶಾಲೆಗಳಿಗೆ, ಕೆಲವರು ಆರೆಗನ್, ಓಕ್ಲಹೋಮಾ ರಾಜ್ಯಗಳಿಗೂ, ಹೋಗಬೇಕಿತ್ತು. 1972ರಲ್ಲಿ ಹಳ್ಳಿಯ ವಿದ್ಯಾರ್ಥಿಗಳು ರಾಜ್ಯದ ಮೇಲೆ ದಾವೆ ಹೂಡಿದರು. ಎಮೊನಾಕ್ ಎಂಬ ಹಳ್ಳಿಯ ಮಾಲಿ ಹೂಚ್ ಎಂಬ ಹುಡುಗಿಯ ಹೆಸರಿನಲ್ಲೇ ಆ ಮೊಕದ್ದಮೆ ಇಂದಿಗೂ ಪ್ರಸಿದ್ಧ. 1976ರ ಒಪ್ಪಂದದ ಪ್ರಕಾರ 126 ಹಳ್ಳಿಗಳು ಪ್ರೌಢಶಾಲೆಗೆ ಅರ್ಹವಾದವು. ಅಲ್ಲಿಗೇ ಮುಗಿಯಲಿಲ್ಲ. ಗ್ರಾಮೀಣ ಶಾಲಾ ಕಟ್ಟಡಗಳಿಗೆ ಹಣ ಹಂಚುವ ರೀತಿ ತಾರತಮ್ಯದ್ದು ಎಂದು 1999ರಲ್ಲಿ ನ್ಯಾಯಾಲಯವೊಂದು ಹೇಳಬೇಕಾಯಿತು. ಆ ವ್ಯಾಜ್ಯ ರಾಜಿಯಲ್ಲಿ ಮುಗಿದದ್ದು 2011ರಲ್ಲಿ. ಹತ್ತು ವರ್ಷದ ಮಗು ಇಪ್ಪತ್ತೆರಡಾಗುವಷ್ಟು ಕಾಲ.

‘ತೆರಿಗೆ ಕಟ್ಟದವರು ಸೌಲಭ್ಯ ಕೇಳಬಾರದು’ ಎನ್ನುವುದು ಅಲಾಸ್ಕಾದಲ್ಲೇ ಕೇಳಿಬರುವ ಹಳೆಯ ದೂರು. ಬರೋಗಳ ನಿವಾಸಿಗಳು ಶಾಲೆಗಾಗಿ ಸ್ಥಳೀಯ ಪಾಲು ಕೊಡುತ್ತಾರೆ, ಅಸಂಘಟಿತ ಜಿಲ್ಲೆಯ ಹಳ್ಳಿಗರು ಕೊಡುವುದಿಲ್ಲ ಎಂಬುದು ನಿಜ. ಆದರೆ ಮೀನು ಹಿಡಿದು, ಬೇಟೆಯಾಡಿ, ಹಣ್ಣು ಆಯ್ದು ಬದುಕಿನ ದೊಡ್ಡ ಪಾಲು ನಡೆಸುವ ಊರಿನಲ್ಲಿ ತೆರಿಗೆ ಹಾಕುವುದು ಯಾವುದರ ಮೇಲೆ? ತೆರಿಗೆಗೆ ಆಧಾರವಿದ್ದ ಕಡೆ ಜನ ಸಂಘಟಿತರಾಗಿಯೇ ಇದ್ದಾರೆ. ಪ್ರುಡೋ ಬೇಯಲ್ಲಿ ತೈಲ ಸಿಕ್ಕ ಮೇಲೆ ಇನುಪಿಯಾಕ್ ಜನ 1972ರಲ್ಲಿ ನಾರ್ತ್ ಸ್ಲೋಪ್ ಬರೋ ಕಟ್ಟಿದರು. ಅದನ್ನು ತಡೆಯಲು ನ್ಯಾಯಾಲಯದ ಮೆಟ್ಟಿಲು ಹತ್ತಿದವು ತೈಲ ಕಂಪನಿಗಳು. ಕಂಪನಿಗಳು ಸೋತವು, ತೈಲದ ತೆರಿಗೆಯಿಂದ ಹಳ್ಳಿಗಳಲ್ಲಿ ಶಾಲೆಗಳು ಎದ್ದವು. ಸೋಮಾರಿತನದಿಂದ ಸರ್ಕಾರ ಕಟ್ಟಿಕೊಂಡಿಲ್ಲ ಎನ್ನುವವರು ಈ ಕತೆಯನ್ನು ಮರೆಯುವಂತಿಲ್ಲ.

ಇನ್ನು ‘ಅಸಂಘಟಿತ’ ಎಂಬ ಪದ. ಯೂಪಿಕ್, ಅಥಬಾಸ್ಕನ್ ಮತ್ತಿತರ ಸಮುದಾಯಗಳು ಯಾವ ನದಿಯಲ್ಲಿ ಯಾರು ಯಾವಾಗ ಮೀನು ಹಿಡಿಯಬೇಕು, ಬೇಟೆಯನ್ನು ಹೇಗೆ ಹಂಚಿಕೊಳ್ಳಬೇಕು ಎಂಬ ಕಟ್ಟಳೆಗಳನ್ನು ಅಲಾಸ್ಕಾ ರಾಜ್ಯ ಹುಟ್ಟುವ ಎಷ್ಟೋ ಮೊದಲೇ ಮಾಡಿಕೊಂಡಿದ್ದವು. ಅಲಾಸ್ಕಾದ 200ಕ್ಕೂ ಹೆಚ್ಚು ಬುಡಕಟ್ಟು ಸರ್ಕಾರಗಳನ್ನು ಒಕ್ಕೂಟ ಸರ್ಕಾರ 1993ರಲ್ಲೇ ಪಟ್ಟಿಮಾಡಿತ್ತು. ರಾಜ್ಯ ತನ್ನ ಕಾನೂನಿನಲ್ಲಿ ಅವನ್ನು ಗುರುತಿಸಿದ್ದು 2022ರಲ್ಲಿ. ಎಮೊನಾಕ್ ಇರುವ ಜನಗಣತಿ ಪ್ರದೇಶಕ್ಕಂತೂ 2015ರವರೆಗೆ ವೇಡ್ ಹ್ಯಾಂಪ್ಟನ್ ಎಂಬ ಹೆಸರಿತ್ತು. ಆತ ದಕ್ಷಿಣ ಕೆರೊಲಿನಾದ ಗುಲಾಮರ ಒಡೆಯ, ಗುಲಾಮಗಿರಿಯ ಪರ ಕಾದಾಡಿದ ಸೇನಾಧಿಕಾರಿ. 1913ರಲ್ಲಿ ಅವನ ಅಳಿಯ ಇಲ್ಲಿ ನ್ಯಾಯಾಧೀಶನಾಗಿದ್ದ, ಮಾವನ ಹೆಸರಿಟ್ಟ. ಈಗ ಅದು ಅಲ್ಲಿನ ಬೆಟ್ಟಗಳ ಹೆಸರಾದ ಕುಸಿಲ್ವಾಕ್. ಖಾಲಿ ಎಂದುಕೊಂಡ ಜಾಗಕ್ಕೆ ಯಾರ ಹೆಸರನ್ನು ಬೇಕಾದರೂ ಇಡಬಹುದಿತ್ತು.

ಎಲ್ಲ ಹಳ್ಳಿಗೂ ಬರೋ ಹೇರಿ ಎಂದು ನಾನು ಹೇಳುತ್ತಿಲ್ಲ. ಆದಾಯವಿಲ್ಲದ ಕಡೆ ಬರೋ ಹೇರಿದರೆ ಹೊರೆ ಬೀಳುವುದು ಹಳ್ಳಿಗರ ಮೇಲೆ. ನನ್ನ ವಾದ ಇಷ್ಟೇ: ಸ್ಥಳೀಯ ಸರ್ಕಾರದ ಕುರ್ಚಿಯಲ್ಲಿ ತಾನೇ ಕೂತ ರಾಜ್ಯ, ಆ ಕುರ್ಚಿಯ ಕೆಲಸವನ್ನೂ ಮಾಡಬೇಕು. ಈಗಾಗಲೇ ಇರುವ ಬುಡಕಟ್ಟು ಸರ್ಕಾರಗಳ ಕೈಗೆ ಹಣ, ಅಧಿಕಾರ ಎರಡನ್ನೂ ಕೊಡಬೇಕು. ಜನ ಕಡಿಮೆ ಎನ್ನುವುದು ನೆಪವಾಗಬಾರದು. ನಮ್ಮ 1993ರ ಪಂಚಾಯತ್ ರಾಜ್ ಕಾಯ್ದೆಯೂ ಗ್ರಾಮ ಪಂಚಾಯಿತಿಗೆ ಕನಿಷ್ಠ 5,000 ಜನ ಬೇಕೆಂದು, ಕೊಡಗು, ಉತ್ತರ ಕನ್ನಡದಂಥ ಜಿಲ್ಲೆಗಳಿಗೆ 2,500 ಸಾಕೆಂದಿತು. ಮನೆಗಳು ಚದುರಿರುವ ಕಡೆ ಅಳತೆಗೋಲನ್ನು ಬದಲಿಸಬಹುದು ಎಂದು ಒಪ್ಪಿಕೊಂಡ ಕಾನೂನು ಅದು.

ನಾವು ಓದುವವರು, ಬರೆಯುವವರು ಮಾಡಬಹುದಾದ ಒಂದು ಸಣ್ಣ ಕೆಲಸವಿದೆ. ‘ನಿರ್ಜನ’ ಎಂಬ ಪದವನ್ನು ಬರೆಯುವ ಮುನ್ನ ಅಲ್ಲಿ ಶಾಲೆಗೆ ಹೋಗುವ ಮಕ್ಕಳು ಎಷ್ಟಿದ್ದಾರೆ ಎಂದು ಒಮ್ಮೆ ಕೇಳಿಕೊಳ್ಳೋಣ.