ಕಾಮರ್ಸ್ ತಗೊಂಡವರಿಗೆ ಮಾತ್ರವೇ ಲೆಕ್ಕದ ಕೆಲಸ?

ವಾಣಿಜ್ಯ ಬೋಧನಾ ಪದ್ಧತಿಯ ಪ್ರಶಿಕ್ಷಣಾರ್ಥಿಗಳ ಪಾಠ ವೀಕ್ಷಣೆಗೆ ಈ ಸಲ ನಾನು ಹೋದ ಒಂದು ಕಡೆ ಪ್ರೌಢಶಾಲೆಯೂ ಪದವಿಪೂರ್ವ ವಿಭಾಗವೂ ಒಂದೇ ಆವರಣದಲ್ಲಿವೆ. ಉಪನ್ಯಾಸಕರೊಬ್ಬರು ರಜೆಯಲ್ಲಿದ್ದುದರಿಂದ ನಮ್ಮ ಪ್ರಶಿಕ್ಷಣಾರ್ಥಿಯೊಬ್ಬರನ್ನು ದ್ವಿತೀಯ ಪಿಯು ಕಲಾ ವಿಭಾಗದ ತರಗತಿಗೆ ಕಳಿಸಿದ್ದರು. ಅವರು ಬ್ಯಾಂಕ್ ಖಾತೆಗಳ ಬಗ್ಗೆ ಅಚ್ಚುಕಟ್ಟಾಗಿ ಮಾತಾಡಿದರು. ಕೊನೆಗೆ ಒಬ್ಬ ಹುಡುಗಿ ಎದ್ದು ಕೇಳಿದಳು: "ಮೇಡಂ, ನಮ್ಮಮ್ಮ ಸ್ವಸಹಾಯ ಸಂಘದ ಲೆಕ್ಕ ಬರೀತಾರೆ. ನಾನು ಅಂಥ ಕೆಲಸಕ್ಕೆ ಹೋಗ್ಬೇಕು ಅಂದ್ರೆ ಏನು ಓದ್ಬೇಕು?" ಪ್ರಶಿಕ್ಷಣಾರ್ಥಿ ಪ್ರೀತಿಯಿಂದಲೇ ಹೇಳಿದರು: "ಅದಕ್ಕೆ ನೀನು ಕಾಮರ್ಸ್ ತಗೋಬೇಕಿತ್ತಮ್ಮ. ಈಗ ಕಷ್ಟ." ಹುಡುಗಿ ಕೂತುಕೊಂಡಳು.

ಉತ್ತರ ತಪ್ಪು. ವೀಕ್ಷಣಾ ನಮೂನೆಯಲ್ಲಿ ಇದನ್ನು ಬರೆಯಲು ಜಾಗವಿರಲಿಲ್ಲ. ಕಪ್ಪುಹಲಗೆಯ ಬರವಣಿಗೆ, ಪ್ರಶ್ನೆ ಕೇಳುವ ಕೌಶಲ, ಧ್ವನಿಯ ಏರಿಳಿತ ಎಲ್ಲಕ್ಕೂ ಅಂಕಣಗಳಿವೆ. ವಿದ್ಯಾರ್ಥಿಯ ಮುಂದಿನ ದಾರಿಯ ಬಗ್ಗೆ ಪ್ರಶಿಕ್ಷಣಾರ್ಥಿ ಹೇಳಿದ್ದು ಸರಿಯೇ ಎಂದು ನೋಡುವ ಅಂಕಣ ಇಲ್ಲ. ಪಾಠದ ಕೊನೆಯ ಎರಡು ನಿಮಿಷದಲ್ಲಿ ಬರುವ ಇಂಥ ಪ್ರಶ್ನೆಗೆ ಸಿಗುವ ಉತ್ತರವನ್ನು ಮಕ್ಕಳು ಡೆಬಿಟ್-ಕ್ರೆಡಿಟ್ ಸೂತ್ರಕ್ಕಿಂತ ಹೆಚ್ಚು ಕಾಲ ನೆನಪಿಟ್ಟುಕೊಳ್ಳುತ್ತಾರೆ ಎಂಬುದು ಇಪ್ಪತ್ತು ವರ್ಷ ಪಾಠ ಮಾಡಿದ ನನ್ನ ಅನುಭವ.

ನಿಯಮ ಏನಿದೆ ನೋಡಿ. ಭಾರತೀಯ ಲೆಕ್ಕಪರಿಶೋಧಕರ ಸಂಸ್ಥೆಯ ಸಿಎ ಫೌಂಡೇಶನ್ ಪರೀಕ್ಷೆಗೆ ಹನ್ನೆರಡನೇ ತರಗತಿ ಪಾಸಾಗಿದ್ದರೆ ಸಾಕು. ಕಲೆ, ವಿಜ್ಞಾನ, ವಾಣಿಜ್ಯ ಎಂಬ ಭೇದ ಇಲ್ಲ. ಪದವಿ ಮುಗಿಸಿ ಬರುವವರಿಗೆ ಫೌಂಡೇಶನ್ ಬಿಟ್ಟು ನೇರವಾಗಿ ಇಂಟರ್‌ಮೀಡಿಯಟ್‌ಗೆ ಸೇರುವ ದಾರಿಯೂ ಇದೆ. ವಾಣಿಜ್ಯ ಪದವೀಧರರಿಗೆ ಕನಿಷ್ಠ ಶೇಕಡ 55 ಅಂಕ ಬೇಕು, ಉಳಿದವರಿಗೆ ಶೇಕಡ 60. ಅಂದರೆ ಆ ಹುಡುಗಿ ಇತಿಹಾಸ, ರಾಜ್ಯಶಾಸ್ತ್ರ ಓದಿ ಬಿಎಯಲ್ಲಿ ಅರವತ್ತು ತೆಗೆದರೂ ಬಾಗಿಲು ತೆರೆದೇ ಇರುತ್ತದೆ. ವೆಚ್ಚ ಲೆಕ್ಕಪರಿಶೋಧಕರ ಸಂಸ್ಥೆಯೂ ಪದವೀಧರರನ್ನು ನೇರ ಇಂಟರ್‌ಮೀಡಿಯಟ್‌ಗೆ ಸೇರಿಸಿಕೊಳ್ಳುತ್ತದೆ. ಕೇಂದ್ರ ಲೋಕಸೇವಾ ಆಯೋಗದ ನಾಗರಿಕ ಸೇವಾ ಪರೀಕ್ಷೆಯಲ್ಲಿ ಭಾರತೀಯ ಲೆಕ್ಕಪರಿಶೋಧನೆ ಮತ್ತು ಲೆಕ್ಕಪತ್ರ ಸೇವೆ ಎಂಬುದೊಂದಿದೆ. ಅದಕ್ಕೆ ಯಾವ ಪದವಿಯಾದರೂ ಆಗುತ್ತದೆ. ಆಯ್ಕೆಯಾದವರಿಗೆ ಶಿಮ್ಲಾದ ಅಕಾಡೆಮಿಯಲ್ಲಿ ಲೆಕ್ಕ ಕಲಿಸುತ್ತಾರೆ. ತರಬೇತಿಗೆ ಬರುವ ಮೊದಲು ತಾಳೆಪಟ್ಟಿಯನ್ನೇ ನೋಡಿರದವರು ಮುಂದೆ ರಾಜ್ಯಗಳ ಲೆಕ್ಕ ಪರಿಶೋಧಿಸುವ ಅಧಿಕಾರಿಗಳಾಗುತ್ತಾರೆ.

ನಮ್ಮ ನಾಡಿನಲ್ಲಿ ಲೆಕ್ಕದ ಕೆಲಸ ಬಹುಕಾಲ ಹುಟ್ಟಿನಿಂದ ಬರುತ್ತಿತ್ತು. ಶಾನುಭೋಗರ ಮಗ ಶಾನುಭೋಗ, ಕುಲಕರ್ಣಿಯವರ ಮಗ ಕುಲಕರ್ಣಿ. ಕಿರ್ದಿ, ಖಾತೆ, ಖಿರ್ದಿಯ ಮಾತುಗಳು ಕೆಲವೇ ಮನೆಗಳ ಜಗಲಿಯಲ್ಲಿ ಓಡಾಡುತ್ತಿದ್ದವು. ವಂಶಪಾರಂಪರ್ಯ ಗ್ರಾಮಾಧಿಕಾರಗಳನ್ನು ರದ್ದುಪಡಿಸುವ ಕಾಯ್ದೆ ಬಂದದ್ದು 1961ರಲ್ಲಿ. ಆ ಬಳಿಕ ಗ್ರಾಮ ಲೆಕ್ಕಿಗರು ನೇಮಕಾತಿಯಿಂದ ಬರತೊಡಗಿದರು. ಇಂದು ಗ್ರಾಮ ಆಡಳಿತ ಅಧಿಕಾರಿ ಎಂದು ಕರೆಯುವ ಆ ಹುದ್ದೆಗೆ ಬೇಕಾದ ವಿದ್ಯಾರ್ಹತೆ ಪಿಯುಸಿ. ಯಾವ ವಿಭಾಗವಾದರೂ ಸರಿ. (ಅವರ ಕೆಲಸದಲ್ಲಿ ಈಗ ಲೆಕ್ಕಕ್ಕಿಂತ ಜಮೀನಿನ ದಾಖಲೆಯೇ ಹೆಚ್ಚು, ಆ ಮಾತು ಬೇರೆ.) ಕಾನೂನು ತೆಗೆದುಹಾಕಿದ ಬೇಲಿಯನ್ನು ನಾವು ಪಿಯು ಅರ್ಜಿ ನಮೂನೆಯ ಮೂಲಕ ಮತ್ತೆ ಹಾಕುವುದು ನನಗೆ ಒಪ್ಪಿಗೆಯಿಲ್ಲ. ಹದಿನಾರು ವರ್ಷದ ಮಗು ಮನೆಗೆ ಹತ್ತಿರ ಎಂದೋ, ಗೆಳತಿ ಸೇರಿದಳೆಂದೋ, ಆ ಊರಿನ ಕಾಲೇಜಿನಲ್ಲಿ ಕಲಾ ವಿಭಾಗ ಮಾತ್ರ ಇತ್ತೆಂದೋ ಆರಿಸಿಕೊಂಡದ್ದನ್ನು ಜೀವಮಾನದ ತೀರ್ಪೆಂದು ಅಧ್ಯಾಪಕರು ಹೇಳಬಾರದು.

ಬೇರೆ ಹಿನ್ನೆಲೆಯಿಂದ ಬಂದವರೇ ಈ ವಿದ್ಯೆಯನ್ನು ಬೆಳೆಸಿದ ಉದಾಹರಣೆಗಳು ಬೇಕಾದಷ್ಟಿವೆ. ಇಬ್ಬದಿ ನಮೂದಿನ ಪದ್ಧತಿಯ ವಿವರಣೆ ಅಚ್ಚಾಗಿ ಬಂದದ್ದು 1494ರಲ್ಲಿ, ವೆನಿಸ್‌ನಲ್ಲಿ. ಬರೆದ ಲೂಕಾ ಪ್ಯಾಚಿಯೋಲಿ ವರ್ತಕರಲ್ಲ; ಸನ್ಯಾಸಿ ಮತ್ತು ಗಣಿತದ ಮೇಷ್ಟ್ರು. ವರ್ತಕರು ಮಾಡುತ್ತಿದ್ದುದನ್ನು ಕಲಿಸಲು ಬರುವಂತೆ ಬರೆದಿಟ್ಟರು, ಅಷ್ಟೆ. ಮದ್ರಾಸಿನ ಆರ್. ಶಿವಭೋಗಂ ಸ್ವಾತಂತ್ರ್ಯ ಚಳವಳಿಯಲ್ಲಿ ಸೆರೆಮನೆಗೆ ಹೋದವರು. ಲೆಕ್ಕಶಾಸ್ತ್ರ ಓದಬೇಕೆಂದು ತೀರ್ಮಾನಿಸಿದ್ದು ಅಲ್ಲೇ. 1933ರಲ್ಲಿ ಸರ್ಕಾರಿ ಲೆಕ್ಕಶಾಸ್ತ್ರ ಡಿಪ್ಲೊಮಾ ಪಾಸಾಗಿ ಭಾರತದ ಮೊದಲ ಮಹಿಳಾ ಲೆಕ್ಕಪರಿಶೋಧಕಿಯಾದರು. ನಮ್ಮ ಬೆಂಗಳೂರಿನ ಕಥೆಯನ್ನಂತೂ ಹೇಳಲೇಬೇಕು. ಶ್ಯಾಮ್ ಸುಂದರ್ ಗೋಯೆಂಕಾ ತಮ್ಮ ವ್ಯಾಪಾರದ ಲೆಕ್ಕಕ್ಕೆ ಒಗ್ಗುವ ಸಾಫ್ಟ್‌ವೇರ್ ಸಿಗದೆ ಗಣಿತ ಪದವೀಧರನಾದ ಮಗ ಭರತ್ ಕೈಯಲ್ಲಿ ಬರೆಸಿದರು. 1986ರಲ್ಲಿ ಶುರುವಾದ ಆ ಕಂಪನಿಯಿಂದ ಬಂದದ್ದೇ ಟ್ಯಾಲಿ. ಇವತ್ತು ತಾಲ್ಲೂಕು ಕೇಂದ್ರದ ಗೊಬ್ಬರದ ಅಂಗಡಿಯಲ್ಲೂ ಅದು ಓಡುತ್ತಿದೆ.

ಆದರೆ ಇನ್ನೊಂದು ಕಡೆಯ ಅತಿರೇಕವೂ ನಮ್ಮ ಪಾಠಗಳಲ್ಲಿದೆ. 'ಲೆಕ್ಕಶಾಸ್ತ್ರ ಕಲಿತರೆ ಏನಾಗಬಹುದು' ಎಂದು ಪೀಠಿಕೆಯಲ್ಲಿ ಕೇಳಿ, ಮಕ್ಕಳಿಂದ 'ಸಿಎ' ಎಂಬ ಉತ್ತರ ಹೊರಡಿಸಿ, ಬೋರ್ಡಿನ ಮೇಲೆ ದೊಡ್ಡದಾಗಿ ಬರೆದು ಮುಂದೆ ಹೋಗುವುದು. ಕೋಚಿಂಗ್ ಸೆಂಟರಿನ ಫಲಕಗಳು ಆ ಕೆಲಸವನ್ನು ಆಗಲೇ ಮಾಡುತ್ತಿವೆ. ನಾವು ಹೇಳಬೇಕಾದದ್ದು ಆ ಫಲಕದಲ್ಲಿ ಇಲ್ಲದ್ದು. ಇಂಟರ್‌ಮೀಡಿಯಟ್‌ನಲ್ಲೂ ಫೈನಲ್‌ನಲ್ಲೂ ಪ್ರತಿ ಪತ್ರಿಕೆಗೆ ಕನಿಷ್ಠ 40 ಬರಬೇಕು, ಗ್ರೂಪಿನ ಒಟ್ಟು ಶೇಕಡ 50 ಆಗಬೇಕು. ಒಂದರಲ್ಲಿ 38 ಬಂದು ಉಳಿದೆಲ್ಲದರಲ್ಲಿ ಚೆನ್ನಾಗಿ ಬಂದರೂ ಸಾಮಾನ್ಯವಾಗಿ ಆ ಗ್ರೂಪು ಮತ್ತೆ ಬರೆಯಬೇಕು. ಮೊದಲ ಯತ್ನದಲ್ಲಿ ಪಾಸಾಗುವವರು ಕಡಿಮೆ. ಇಂಟರ್‌ಮೀಡಿಯಟ್‌ನ ಎರಡೂ ಗ್ರೂಪು ಮುಗಿಸಿ ಎರಡು ವರ್ಷ ಆಡಿಟರ ಕೈಕೆಳಗೆ ತರಬೇತಿ ಪಡೆಯಬೇಕು. ಮೊದಲು ಇದು ಮೂರು ವರ್ಷವಿತ್ತು, 2023ರಲ್ಲಿ ಬಂದ ಹೊಸ ಯೋಜನೆ ಎರಡಕ್ಕಿಳಿಸಿತು. ಇಷ್ಟನ್ನು ಮೊದಲೇ ತಿಳಿದ ಮಗು ಎರಡು ಸಲ ಫೇಲಾದಾಗ ಊರಿನ ಮದುವೆಗೆ ಹೋಗಲು ಹೆದರುವುದಿಲ್ಲ. ಎರಡು ವರ್ಷ ಮನೆಯಿಂದ ಹೊರಗೆ ಮುಖ ತೋರಿಸದೆ ಕೂತ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಇಂದು ಒಂದು ಅಡಿಕೆ ಮಂಡಿಯ ಪೂರ್ತಿ ಲೆಕ್ಕ ನೋಡಿಕೊಳ್ಳುತ್ತಿದ್ದಾನೆ. ಇಂಟರ್‌ಮೀಡಿಯಟ್‌ನ ಒಂದೇ ಗ್ರೂಪು ಆಗಿರುವುದು. ಮಾಲೀಕರು ಅವನನ್ನು ಕೇಳದೆ ಚೆಕ್ ಬರೆಯುವುದಿಲ್ಲ.

ಈ ಕೆಲಸದಲ್ಲಿ ಜನ ಬೆಳೆಯುವುದು ಹೇಗೆಂದು ಪ್ರಶಿಕ್ಷಣಾರ್ಥಿಗಳಿಗೆ ಗೊತ್ತಿರಬೇಕು, ಏಕೆಂದರೆ ಪಠ್ಯಪುಸ್ತಕದಲ್ಲಿ ಅದಿಲ್ಲ. ಮೊದಲ ವರ್ಷ ವೋಚರ್ ಜೋಡಿಸಿ ನಮೂದಿಸುವುದು. ಆಮೇಲೆ ನಗದು ಪುಸ್ತಕಕ್ಕೂ ಬ್ಯಾಂಕಿನ ಲೆಕ್ಕಕ್ಕೂ ತಾಳೆ ನೋಡುವುದು. ಅಲ್ಲಿಗೆ ಬಂದವರು ತಿಂಗಳ ತಾರೀಖುಗಳಿಗೆ ಒಗ್ಗಿಕೊಳ್ಳುತ್ತಾರೆ: ಮೂಲದಲ್ಲೇ ಕಡಿತಗೊಳಿಸಿದ ತೆರಿಗೆ ಕಟ್ಟಲು ಏಳನೇ ತಾರೀಖು, ತಿಂಗಳು ತಿಂಗಳು ಜಿಎಸ್‌ಟಿ ಸಲ್ಲಿಸುವವರ ಮಾರಾಟದ ವಿವರಕ್ಕೆ ಹನ್ನೊಂದು, ತೆರಿಗೆಯ ರಿಟರ್ನಿಗೆ ಇಪ್ಪತ್ತು. 2017ರ ಜುಲೈನಲ್ಲಿ ಜಿಎಸ್‌ಟಿ ಬಂದ ಮೇಲೆ ಸಣ್ಣ ಊರುಗಳಲ್ಲೂ ಈ ತಾರೀಖು ನೆನಪಿಡುವವರಿಗೆ ಬೆಲೆ ಬಂದಿದೆ. ವರ್ಷಾಂತ್ಯಕ್ಕೆ ಲಾಭ-ನಷ್ಟ ಮತ್ತು ಅಢಾವೆ ಪತ್ರಿಕೆಯನ್ನು ಯಾರ ಸಹಾಯವೂ ಇಲ್ಲದೆ ಆಡಿಟರ ಮೇಜಿಗೆ ತಲುಪಿಸಬಲ್ಲವರನ್ನು ಯಾವ ಡಿಗ್ರಿ ಎಂದು ಯಾರೂ ಕೇಳುವುದಿಲ್ಲ. ಸರ್ಕಾರದ ಒಳಗೆ ದಾರಿ ಬೇರೆ ಥರ. ಮಹಾಲೇಖಪಾಲರ ಕಚೇರಿಯಲ್ಲಿ ಕೆಳಹಂತದಲ್ಲಿ ಸೇರಿದವರು ಇಲಾಖೆಯ ಎಸ್ಎಎಸ್ ಪರೀಕ್ಷೆ ಬರೆದು ಮೇಲೇರುತ್ತಾರೆ. ನಮ್ಮ ರಾಜ್ಯದ ನೌಕರರಿಗೆ ಅಕೌಂಟ್ಸ್ ಹೈಯರ್ ಪರೀಕ್ಷೆಯ ಹೆಸರು ಹೊಸದೇನಲ್ಲ.

ಇನ್ನು ಹಳ್ಳಿಯ ಹಾಲು ಉತ್ಪಾದಕರ ಸಂಘದ ಕಾರ್ಯದರ್ಶಿ. ಬೆಳಿಗ್ಗೆ ಸಂಜೆ ಹಾಲು ಅಳೆದು, ಕೊಬ್ಬಿನಂಶ ನೋಡಿ, ಸದಸ್ಯರ ಲೆಕ್ಕ ಬರೆದು, ಪಶು ಆಹಾರದ ಬಾಬ್ತು ಕಳೆದು ಬಟವಾಡೆ ಮಾಡುವವರು. ಒಂದು ರೂಪಾಯಿ ವ್ಯತ್ಯಾಸ ಬಂದರೂ ಮರುದಿನ ಡೇರಿಯ ಮುಂದೆ ಉತ್ತರ ಹೇಳಬೇಕು. ದೇಶದ ಮೊದಲ ಸಹಕಾರ ಸಂಘ 1905ರಲ್ಲಿ ಗದಗ ಸೀಮೆಯ ಕಣಗಿನಹಾಳದಲ್ಲಿ ನೋಂದಣಿಯಾಯಿತೆಂದು ನಾವು ಸಮಾಜ ವಿಜ್ಞಾನದಲ್ಲಿ ಹೆಮ್ಮೆಯಿಂದ ಕಲಿಸುತ್ತೇವೆ. ಆ ಸಂಘದ ಲೆಕ್ಕ ಯಾರಾದರೂ ಬರೆದಿರಬೇಕಲ್ಲ ಎಂಬ ಪ್ರಶ್ನೆಯನ್ನು ಮಾತ್ರ ಕೇಳುವುದಿಲ್ಲ. ನನ್ನ ದೃಷ್ಟಿಯಲ್ಲಿ ಲೆಕ್ಕಶಾಸ್ತ್ರದ ಅಭ್ಯಾಸ ಪಾಠಕ್ಕೆ ಇಂಥ ಕಾರ್ಯದರ್ಶಿಗಿಂತ ಒಳ್ಳೆಯ ಸಂಪನ್ಮೂಲ ವ್ಯಕ್ತಿ ಸಿಗುವುದು ಕಷ್ಟ.

ಭಾಷೆಯ ತೊಡಕನ್ನು ಮುಚ್ಚಿಡಬಾರದು. ಸಿಎ ಪರೀಕ್ಷೆಯನ್ನು ಇಂಗ್ಲಿಷ್ ಅಥವಾ ಹಿಂದಿಯಲ್ಲಿ ಬರೆಯಬಹುದು, ಕನ್ನಡದಲ್ಲಿ ಬರೆಯಲು ಅವಕಾಶವಿಲ್ಲ. ಕನ್ನಡ ಮಾಧ್ಯಮದ ಮಗುವಿಗೆ ಇದು ನಿಜವಾದ ಅಡ್ಡಿ. ವಿಭಾಗದ ಅಡ್ಡಿಯಂತೆ ನಾವು ಕಲ್ಪಿಸಿಕೊಂಡದ್ದಲ್ಲ. ಇದಕ್ಕೆ ಕನ್ನಡದ ಪದಗಳನ್ನು ಬಿಟ್ಟುಬಿಡುವುದು ಪರಿಹಾರವೆಂದು ಕೆಲವು ಸಹೋದ್ಯೋಗಿಗಳು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. 'ಸವಕಳಿ' ಎಂದಾಗ ಮಗುವಿನ ಕಣ್ಣಿಗೆ ಸವೆದ ಟ್ರ್ಯಾಕ್ಟರ್ ಟೈರು ಬರುತ್ತದೆ. ಬರೀ 'ಡಿಪ್ರಿಸಿಯೇಷನ್' ಎಂದಾಗ ಒಂದು ಉದ್ದದ ಪದ ಮಾತ್ರ. ಮೊದಲು ಸವಕಳಿ ಎಂದು ಅರ್ಥ ಮಾಡಿಸಿ, ಅದರ ಪಕ್ಕದಲ್ಲೇ ಇಂಗ್ಲಿಷ್ ಪದ ಬರೆದು, ಮೂರನೇ ತರಗತಿಯ ಹೊತ್ತಿಗೆ ಎರಡನ್ನೂ ಮಗುವಿನ ಬಾಯಲ್ಲಿ ಆಡಿಸಿದರೆ ಮುಂದೆ ಆಡಿಟ್ ಕಚೇರಿಯಲ್ಲೂ ತೊದಲುವುದಿಲ್ಲ, ಊರಿನ ಸಂಘದಲ್ಲೂ ತೊದಲುವುದಿಲ್ಲ. ಹಾಗಾಗಿ ಪಾಠ ಯೋಜನೆಯಲ್ಲಿ ಪಾರಿಭಾಷಿಕ ಪದಗಳಿಗೆ ಎರಡು ಕಾಲಂ ಇರಲಿ ಎನ್ನುತ್ತೇನೆ.

ವೃತ್ತಿಯ ಗುಣವೂ ತರಗತಿಯಲ್ಲೇ ಶುರುವಾಗುತ್ತದೆ. ರಬ್ಬರಿನ ವಿಷಯ ತೆಗೆದುಕೊಳ್ಳಿ. ನಮ್ಮ ಪ್ರಶಿಕ್ಷಣಾರ್ಥಿಗಳು 'ನೀಟಾಗಿ ಬರೀರಿ' ಎಂದು ಪೆನ್ಸಿಲಿನಲ್ಲಿ ಬರೆಸಿ, ತಪ್ಪಾದರೆ ಅಳಿಸಿ ಬರೆಯಲು ಹೇಳುತ್ತಾರೆ. ಲೆಕ್ಕದ ಪುಸ್ತಕದಲ್ಲಿ ಅಳಿಸುವಂತಿಲ್ಲ. ಒಂದು ಗೆರೆ ಎಳೆದು, ಮೇಲೆ ಸರಿಯಾದದ್ದನ್ನು ಬರೆದು, ಪಕ್ಕದಲ್ಲಿ ಸಹಿ ಹಾಕಬೇಕು. ಕಂಪನಿಗಳ ಲೆಕ್ಕದ ಸಾಫ್ಟ್‌ವೇರು ಪ್ರತಿ ತಿದ್ದುಪಡಿಯ ಗುರುತನ್ನು ಉಳಿಸಿಕೊಳ್ಳಬೇಕೆಂಬ ನಿಯಮ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ರಬ್ಬರ್ ಚೀಲದಲ್ಲೇ ಇರಲಿ ಎಂದು ಮೊದಲ ದಿನವೇ ಹೇಳಿ, ಏಕೆಂದು ವಿವರಿಸಿದ ಪ್ರಶಿಕ್ಷಣಾರ್ಥಿಗೆ ನಾನು ಎರಡು ಅಂಕ ಹೆಚ್ಚು ಕೊಡುತ್ತೇನೆ.

ಇಷ್ಟೆಲ್ಲ ನಲವತ್ತು ನಿಮಿಷದ ಪಾಠದಲ್ಲಿ ಎಲ್ಲಿ ತುರುಕುವುದು, ವೃತ್ತಿ ಮಾರ್ಗದರ್ಶನಕ್ಕೆ ಬೇರೆ ಕೋಶ ಇದೆಯಲ್ಲ ಎಂಬ ಆಕ್ಷೇಪ ನಮ್ಮ ಸಿಬ್ಬಂದಿ ಕೊಠಡಿಯಲ್ಲೇ ಬಂದಿದೆ. ಆಕ್ಷೇಪದಲ್ಲಿ ಸತ್ಯವಿದೆ. ಆದರೆ ಮಗು ಪ್ರಶ್ನೆ ಕೇಳುವುದು ಕೋಶವನ್ನಲ್ಲ, ತನ್ನ ಮುಂದೆ ನಿಂತಿರುವ ಮೇಷ್ಟ್ರನ್ನು. ಮತ್ತೆ ನಾನು ಹೇಳುತ್ತಿರುವುದು ಹೆಚ್ಚಿನ ಸಮಯವಲ್ಲ, ಬೇರೆ ಸಾಮಗ್ರಿ. 'ರಾಮನು 50,000 ರೂಪಾಯಿ ಬಂಡವಾಳ ಹೂಡಿ ವ್ಯಾಪಾರ ಆರಂಭಿಸಿದನು' ಎಂಬ ವಾಕ್ಯದ ಬದಲು ನಿಜವಾದ ಹತ್ತು ಬಿಲ್ಲುಗಳನ್ನು, ಹೆಸರು ಮತ್ತು ನೋಂದಣಿ ಸಂಖ್ಯೆ ಮರೆಮಾಡಿ, ನಕಲು ಮಾಡಿಸಿ ಗುಂಪಿಗೊಂದರಂತೆ ಹಂಚಿ. ಯಾವುದು ಖರೀದಿ, ಯಾವುದು ಖರ್ಚು, ಯಾವುದರಲ್ಲಿ ತಾರೀಖೇ ಇಲ್ಲ ಎಂದು ಮಕ್ಕಳೇ ಹುಡುಕಲಿ. ಕಲಾ ವಿಭಾಗದ ಮಕ್ಕಳಿಗೂ ಇದು ಬರುತ್ತದೆ, ಮಾಡಿಸಿ ನೋಡಿದ್ದೇನೆ. ಕೂಡಿಸಿ ಕಳೆಯುವಷ್ಟು ಗಣಿತ ಸಾಕು. ಬೇಕಾದ್ದು ಅನುಮಾನಪಡುವ ಬುದ್ಧಿ.

ಪ್ರಶಿಕ್ಷಣಾರ್ಥಿಗಳಿಗೆ ಒಂದು ಮಾತು. ಬಿಕಾಂ ಮುಗಿಸಿ ಬಿಎಡ್‌ಗೆ ಬಂದ ನಿಮ್ಮಲ್ಲಿ ಹಲವರು 'ಅಕೌಂಟ್ಸ್ ಲೈನ್ ಬಿಟ್ಟೆ' ಎನ್ನುತ್ತೀರಿ. ಬಿಟ್ಟಿಲ್ಲ. ಮುಖ್ಯ ಶಿಕ್ಷಕರಾದ ದಿನ ಶಾಲೆಯ ನಗದು ಪುಸ್ತಕ, ಎಸ್‌ಡಿಎಂಸಿ ಖಾತೆ, ಬಿಸಿಯೂಟದ ಅಕ್ಕಿ-ಬೇಳೆಯ ದಾಸ್ತಾನು ನಿಮ್ಮ ಮೇಜಿಗೆ ಬರುತ್ತವೆ. ಕನ್ನಡ ಮೇಷ್ಟ್ರೂ ವಿಜ್ಞಾನ ಮೇಷ್ಟ್ರೂ ಆಗ ನಿಮ್ಮನ್ನೇ ಕೇಳುತ್ತಾರೆ.

ಮುಂದಿನ ಬ್ಯಾಚಿನ ಅಭ್ಯಾಸ ಬೋಧನೆಯ ಪೂರ್ವಭಾವಿ ಸಭೆಗೆ ಎರಡು ಪ್ರಸ್ತಾವ ಕೊಟ್ಟಿದ್ದೇನೆ. ವಾಣಿಜ್ಯ ಪದ್ಧತಿಯ ಪ್ರತಿ ಪ್ರಶಿಕ್ಷಣಾರ್ಥಿ ತನ್ನ ಶಾಲೆಯ ಸುತ್ತಮುತ್ತ ಲೆಕ್ಕ ಬರೆಯುವ ಇಬ್ಬರನ್ನು, ಅವರಲ್ಲಿ ಒಬ್ಬರಾದರೂ ಕಾಮರ್ಸ್ ಓದಿರದವರನ್ನು, ಮಾತಾಡಿಸಿ ಎರಡು ಪುಟ ಬರೆಯಬೇಕು. ವೀಕ್ಷಣಾ ನಮೂನೆಗೆ ಒಂದು ಅಂಕಣ ಸೇರಬೇಕು: 'ಮುಂದಿನ ಓದು ಹಾಗೂ ಕೆಲಸದ ಬಗ್ಗೆ ನೀಡಿದ ಮಾಹಿತಿ ಸರಿಯಾಗಿದೆಯೇ?' ಅಂಕ ಎಷ್ಟೆಂಬುದನ್ನು ಸಭೆ ತೀರ್ಮಾನಿಸಲಿ. ನಿಯಮಗಳು ಆಗಾಗ ಬದಲಾಗುವುದರಿಂದ ಸಂಸ್ಥೆಗಳ ಇತ್ತೀಚಿನ ಸೂಚನೆಗಳನ್ನು ಪ್ರತಿ ಜೂನ್‌ನಲ್ಲಿ ಒಂದು ಹಾಳೆಯಲ್ಲಿ ಬರೆದು ವಿಧಾನ ಕೊಠಡಿಯ ಗೋಡೆಗೆ ಅಂಟಿಸುವ ಕೆಲಸವನ್ನು ನಾನು ವಹಿಸಿಕೊಳ್ಳುತ್ತೇನೆ.